ರೋಮನ್ ರೇನ್ಸ್‌ಗೂ ನಮ್ಮ ಮನೆಯವರಿಗೂ ಥ್ಯಾಂಕ್ಸ್

ಮೊನ್ನೆ ರಿಪೋರ್ಟ್ ಬಂತು. ಬಿಸಿಆರ್-ಎಬಿಎಲ್, ಅಂದರೆ ನನ್ನ ರಕ್ತದ ಕ್ಯಾನ್ಸರಿಗೆ ಕಾರಣವಾದ ಜೀನ್, ಪತ್ತೆಯಾಗಿಲ್ಲ ಎಂದಿದೆ. ಡಾಕ್ಟರ್ ಆ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ನನ್ನ ಕೈಗಿತ್ತರು. ಮಾತ್ರೆ ನಿಂತಿಲ್ಲ. ಆದರೂ ಇವತ್ತು ಕೆಲವರಿಗೆ ಥ್ಯಾಂಕ್ಸ್ ಹೇಳಲೇಬೇಕು.

2018ರಲ್ಲಿ ನನಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದಾಗ ಮನೆಯಲ್ಲಿ ಯಾರೂ ಆ ಪದ ಎತ್ತುತ್ತಿರಲಿಲ್ಲ. ನೆಂಟರು ಕೇಳಿದರೆ ಅಮ್ಮ, "ರಕ್ತ ಸ್ವಲ್ಪ ಕಡಿಮೆ ಇದೆ, ಅಷ್ಟೇ" ಅನ್ನುತ್ತಿದ್ದರು. ನಾನೂ ಹಾಗೇ ಹೇಳುತ್ತಿದ್ದೆ.

ಆ ವರ್ಷ ಅಕ್ಟೋಬರ್ 23, ಮಂಗಳವಾರ ಬೆಳಗ್ಗೆ ತಮ್ಮ "ಅಕ್ಕಾ, ಬೇಗ ಬಾ" ಅಂತ ಕೂಗಿದ. ಟಿವಿಯಲ್ಲಿ ಅಮೆರಿಕದ ಕುಸ್ತಿ ಶೋ ಡಬ್ಲ್ಯುಡಬ್ಲ್ಯುಇ. ಅದರ ಚಾಂಪಿಯನ್ ರೋಮನ್ ರೇನ್ಸ್ ಮೈಕ್ ಹಿಡಿದು ನಿಂತಿದ್ದರು. "ನನ್ನ ನಿಜವಾದ ಹೆಸರು ಜೋ, ಹನ್ನೊಂದು ವರ್ಷದಿಂದ ಲುಕೇಮಿಯಾ (ರಕ್ತದ ಕ್ಯಾನ್ಸರ್) ಇದೆ, ಈಗ ಮತ್ತೆ ಬಂದಿದೆ" ಅಂದರು. ಚಾಂಪಿಯನ್ ಬೆಲ್ಟನ್ನು ರಿಂಗ್ ಮಧ್ಯೆ ಕೆಳಗಿಟ್ಟರು. ಅಷ್ಟು ದೊಡ್ಡ ಮೈಕಟ್ಟಿನ ಮನುಷ್ಯ, ಅಷ್ಟು ಜನರ ಎದುರು, ಕಾಯಿಲೆಯ ಹೆಸರನ್ನು ನೇರವಾಗಿ ಹೇಳಿಬಿಟ್ಟರು.

ಅವರು ಮೊದಲು ಫುಟ್‌ಬಾಲ್ ಆಟಗಾರ. ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. ಜಾರ್ಜಿಯಾ ಟೆಕ್ ಕಾಲೇಜಿನಲ್ಲಿ ಹೆಸರು ಮಾಡಿ 2007ರಲ್ಲಿ ಮಿನೆಸೋಟ ವೈಕಿಂಗ್ಸ್ ಅನ್ನೋ ವೃತ್ತಿಪರ ತಂಡ ಸೇರಿದರು. ಅದೇ ಹೊತ್ತಿಗೆ ಕಾಯಿಲೆ ಗೊತ್ತಾಯಿತು. ವಯಸ್ಸು 22. ಕೆಲಸ ಇಲ್ಲ, ದುಡ್ಡಿಲ್ಲ, ಮನೆಯಿಲ್ಲ, ಮಗು ಬೇರೆ ಹುಟ್ಟುವುದಿತ್ತು ಅಂತ ಅವತ್ತು ಅವರೇ ಹೇಳಿದರು. ಮುಂದಿನ ವರ್ಷ ಕೆನಡಾದ ಎಡ್ಮಂಟನ್ ತಂಡಕ್ಕೆ ಕೆಲವು ಪಂದ್ಯ ಆಡಿದರು, ಅಲ್ಲಿಗೆ ಫುಟ್‌ಬಾಲ್ ಮುಗಿಯಿತು. ಅಪ್ಪ, ಅಣ್ಣ ಇಬ್ಬರೂ ಕುಸ್ತಿಪಟುಗಳು. 2010ರಲ್ಲಿ ಇವರೂ ಅದೇ ದಾರಿ ಹಿಡಿದರು.

ಟಿವಿಯಲ್ಲಿ ಅವರ ಮಾತು ಕೇಳಿದ ದಿನವೇ ನಾನು ಆಫೀಸಿಗೆ ಫೋನ್ ಮಾಡಿ, "ಸರ್, ನನಗೆ ಬ್ಲಡ್ ಕ್ಯಾನ್ಸರ್. ರಜೆ ಜಾಸ್ತಿ ಬೇಕಾಗುತ್ತೆ" ಅಂದೆ. ಗಂಟಲು ನಡುಗಿತು. ಆದರೆ ಎದೆ ಹಗುರಾಯಿತು.

ಮುಂದಿನ ಫೆಬ್ರವರಿಯಲ್ಲಿ ರೇನ್ಸ್ ರಿಂಗ್‌ಗೆ ವಾಪಸ್ ಬಂದಾಗ ನಾನೂ ತಮ್ಮನೂ ಸೋಫಾ ಮೇಲೆ ಹತ್ತಿ ಕುಣಿದೆವು. 2020ರಲ್ಲಿ ಗೆದ್ದ ಬೆಲ್ಟನ್ನು 1,316 ದಿನ ಬಿಟ್ಟುಕೊಡಲಿಲ್ಲ ನೋಡಿ!

ರೇನ್ಸ್, ನಿಮಗೆ ಕನ್ನಡ ಬರಲ್ಲ, ಆದರೂ ಥ್ಯಾಂಕ್ಸ್. ಟಿವಿ ಮುಂದೆ ಕರೆದು ಕೂರಿಸಿದ ತಮ್ಮನಿಗೆ ಥ್ಯಾಂಕ್ಸ್. ನನ್ನ ನರ ಸಿಗದಿದ್ದಾಗ ಬಿಸಿನೀರಿನ ಬಟ್ಟೆ ಒತ್ತಿ, ನಿಧಾನವಾಗಿ ಸೂಜಿ ಹಾಕುತ್ತಿದ್ದ ನರ್ಸ್ ಅಕ್ಕನಿಗೆ ಥ್ಯಾಂಕ್ಸ್. ದಿನಾ ತಿಂಡಿ ಆದ ಮೇಲೆ ದೊಡ್ಡ ಲೋಟದಲ್ಲಿ ನೀರು, ಮಾತ್ರೆ ಹಿಡಿದು ನಿಂತು, ನುಂಗಿದ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ ಅಮ್ಮನಿಗೆ ಏನು ಹೇಳಲಿ?

ನಿನ್ನೆ ಅವರು ಅತ್ತೆಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರು. "ಇವಳಿಗೆ ಬ್ಲಡ್ ಕ್ಯಾನ್ಸರ್ ಅಲ್ವಾ, ರಿಪೋರ್ಟ್ ಚೆನ್ನಾಗಿ ಬಂದಿದೆ ಕಣ್ರೀ."