ಗೆಳೆಯನಿಗೊಂದು ಪತ್ರ: ರಾಜೀನಾಮೆಗೆ ತಾರೀಕು ಹಾಕುವ ಮುಂಚೆ

ರಾಂಚಿ, ಭಾನುವಾರ ಸಂಜೆ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ "ಸಾಕಾಯ್ತು ಕಣೋ, ರಾಜೀನಾಮೆ ಬರೆದಿಟ್ಟು ಹಾಡಿಯ ಆದಿವಾಸಿಗಳ ಜೊತೆಗೇ ಇದ್ದುಬಿಡ್ತೀನಿ" ಅಂದೆಯಲ್ಲ, ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಊಟ ಆಯ್ತಾ, ಅಮ್ಮ ಹೇಗಿದ್ದಾರೆ ಅಂತ ಕೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಈ ಪತ್ರವನ್ನು ನಾಲ್ಕು ಜನ ಓದುವ ಕಡೆ ಹಾಕಲು ನೀನು ಒಪ್ಪಿದ್ದು ಒಳ್ಳೆಯದಾಯ್ತು. ಗಿರಿಜನರ ಕೆಲಸ ನೋಡುವ ನಿನ್ನಂಥ ಸರ್ಕಾರಿ ಕುರ್ಚಿಯಲ್ಲಿ ಕೂತು ನಿನ್ನ ಹಾಗೇ ಒದ್ದಾಡುತ್ತಿರುವವರು ಇನ್ನೂ ಎಷ್ಟೋ ಜನ ಇರುತ್ತಾರೆ.

ನೀನು ಹೇಳಿದ ಆ ಹಾಡಿಯ ಅಜ್ಜನ ಮಾತು ನನ್ನ ತಲೆಯಿಂದ ಹೋಗಿಲ್ಲ. "ನಮ್ಮ ತಾತನ್ನ ಮಣ್ಣು ಮಾಡಿದ್ದು ಅಲ್ಲೇ ಸಾಮಿ, ಇನ್ಯಾವ ಕಾಗ್ದ ತರ್ಲಿ?" ಅಂದರಂತೆ. ಅವರ ಅರಣ್ಯ ಹಕ್ಕಿನ ಅರ್ಜಿ, ಅಂದರೆ ತಾವು ಬಾಳುತ್ತಾ ಬಂದ ಕಾಡಿನ ನೆಲಕ್ಕೆ ಹಕ್ಕು ಕೇಳಿದ್ದು, ಮೇಲಿನಿಂದ ವಾಪಸ್ ಬಂದಿತ್ತು. "ದಾಖಲೆ ಸಾಲದು" ಅಂತ ಒಂದೇ ಸಾಲು. ಅದನ್ನು ಅವರಿಗೆ ಓದಿ ಹೇಳುವ ಕೆಲಸ ನಿನ್ನ ಪಾಲಿಗೆ ಬಂತು. ಓದಿ ಹೇಳಿ, ಮನೆಗೆ ಬಂದು, ನನಗೆ ಫೋನ್ ಮಾಡಿದೆ.

ನಿನಗೆ ಗೊತ್ತಲ್ಲ, ಬ್ಯಾಂಕು ನನ್ನನ್ನು ಇಲ್ಲಿಗೆ ಹಾಕಿ ಎರಡು ವರ್ಷ ಆಯಿತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಜೈಪಾಲ್ ಸಿಂಗ್ ಮುಂಡಾ ಹೆಸರಿನ ಸ್ಟೇಡಿಯಂ ಇದೆ. ಮೊದಲ ಆರು ತಿಂಗಳು ಅದರ ಮುಂದೆ ಸುಮ್ನೆ ದಾಟಿಹೋದೆ. ಒಂದು ದಿನ ನಮ್ಮ ಶಾಖೆಗೆ ಬಂದ ಒಬ್ಬ ಮುಂಡಾ ಹಿರಿಯರು "ಮರಂಗ್ ಗೋಮ್ಕೆ" ಅನ್ನುವ ಮಾತು ಬಳಸಿದರು. ಮುಂಡಾರಿಯಲ್ಲಿ ದೊಡ್ಡ ನಾಯಕ ಅಂತ ಅರ್ಥ. ಯಾರನ್ನು ಹಾಗೆ ಕರೆಯುತ್ತೀರಿ ಅಂತ ಕೇಳಿದೆ. ಆ ಸ್ಟೇಡಿಯಂ ಕಡೆಗೆ ಕೈ ತೋರಿಸಿದರು. ಆವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ನಿನ್ನ ಫೋನು ಬಂದ ಮೇಲೆ ಆ ಓದನ್ನೆಲ್ಲ ಇನ್ನೊಮ್ಮೆ ತೆಗೆದು ನೋಡಿದೆ. ಕೆಲಸ ಬಿಟ್ಟ ಇಬ್ಬರ ಕತೆ ಹೇಳುತ್ತೇನೆ, ಕೇಳು.

ಜೈಪಾಲ್ ಹುಟ್ಟಿದ್ದು 1903ರಲ್ಲಿ, ಖೂಂಟಿ ಕಡೆಯ ಟಕ್ರಾ ಅನ್ನುವ ಮುಂಡಾ ಹಳ್ಳಿಯಲ್ಲಿ. ರಾಂಚಿಯ ಮಿಷನ್ ಶಾಲೆಯಲ್ಲಿ ಓದುವಾಗ ಅಲ್ಲಿನ ಪಾದ್ರಿಯೊಬ್ಬರು ಹುಡುಗನ ಬುದ್ಧಿ ನೋಡಿ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಆಕ್ಸ್‌ಫರ್ಡಿನಲ್ಲಿ ಅರ್ಥಶಾಸ್ತ್ರ ಓದಿದ. ಹಾಕಿಯಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ. ಬ್ರಿಟಿಷರ ಕಾಲದ ಉನ್ನತ ಸರ್ಕಾರಿ ಸೇವೆಯಾದ ಐಸಿಎಸ್‌ಗೆ ಆಯ್ಕೆಯಾಗಿ ತರಬೇತಿಯಲ್ಲಿದ್ದಾಗ 1928ರ ಆಮ್ಸ್‌ಟರ್‌ಡ್ಯಾಮ್ ಒಲಿಂಪಿಕ್ಸ್ ಬಂತು. ಭಾರತದ ಹಾಕಿ ತಂಡಕ್ಕೆ ನಾಯಕನಾಗುವಂತೆ ಕರೆ ಬಂತು. ರಜೆ ಕೇಳಿದ, ಕೊಡಲಿಲ್ಲ. ರಜೆ ಇಲ್ಲದೆಯೇ ಹೋದ. ಆ ಒಲಿಂಪಿಕ್ಸಿನಲ್ಲಿ ಭಾರತ 29 ಗೋಲು ಹೊಡೆಯಿತು, ಒಂದೂ ಬಿಟ್ಟುಕೊಡಲಿಲ್ಲ. ಫೈನಲ್ ಹೊತ್ತಿಗೆ ಜೈಪಾಲ್ ತಂಡದಲ್ಲಿರಲಿಲ್ಲ, ಆದರೂ ನಮ್ಮ ಮೊದಲ ಹಾಕಿ ಚಿನ್ನ ಅವನು ನಾಯಕನಾಗಿದ್ದ ತಂಡದ್ದು. ವಾಪಸ್ ಹೋದಾಗ ಇನ್ನೊಂದು ವರ್ಷ ತರಬೇತಿ ಮಾಡು ಅಂದರು. ಐಸಿಎಸ್ಸನ್ನೇ ಬಿಟ್ಟುಬಿಟ್ಟ.

ಇಲ್ಲಿಯವರೆಗಿನ ಕತೆ ಎಲ್ಲರೂ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಇದಾದ ಮೇಲಿನ ಹತ್ತು ವರ್ಷ. ಕುರ್ಚಿ ಬಿಟ್ಟ ಮರುದಿನವೇ ಅವರು ಜನರ ನಾಯಕ ಆಗಲಿಲ್ಲ ಕಣೋ. ಒಂದು ಎಣ್ಣೆ ಕಂಪನಿಯಲ್ಲಿ ಕೆಲಸ ಮಾಡಿದರು. ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಈಗಿನ ಘಾನಾದಲ್ಲಿ, ಮೇಷ್ಟರಾಗಿದ್ದರು. ರಾಯಪುರದಲ್ಲಿ ರಾಜಕುಮಾರರಿಗೆ ಪಾಠ ಹೇಳಿದರು. ಬಿಕಾನೇರ್ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದರು. 1939ರ ಜನವರಿಯಲ್ಲಿ ರಾಂಚಿಯಲ್ಲಿ ಆದಿವಾಸಿ ಮಹಾಸಭೆಯ ಅಧ್ಯಕ್ಷರಾದಾಗಲೇ ಅವರು ನಿಜವಾಗಿ ಮನೆಗೆ ಬಂದದ್ದು. ಬಿಡುವುದು ಒಂದು ದಿನದ ಕೆಲಸ. ಬಿಟ್ಟು ಎಲ್ಲಿಗೆ ಸೇರಬೇಕು ಅನ್ನುವುದು ತಿಳಿಯಲು ಅಂಥವರಿಗೂ ಅಷ್ಟು ವರ್ಷ ಬೇಕಾಯಿತು.

1946ರ ಡಿಸೆಂಬರ್ 19ರಂದು ಸಂವಿಧಾನ ಸಭೆಯಲ್ಲಿ ಅವರು ಆಡಿದ ಮಾತನ್ನು ನೀನು ಒಮ್ಮೆ ಪೂರ್ತಿ ಓದಬೇಕು. ತಮ್ಮನ್ನು ತಾವೇ ಜಂಗ್ಲಿ ಅಂತ ಕರೆದುಕೊಂಡು ಎದ್ದು ನಿಂತರು. ಆ ಪದವನ್ನು ಬೈಗುಳವಾಗಿ ಬಳಸುತ್ತಿದ್ದವರ ಎದುರಿಗೇ ಅದನ್ನು ತಮ್ಮ ಗುರುತಾಗಿ ಎತ್ತಿ ಹಿಡಿದರು. ಆದಿವಾಸಿಗಳಿಗೆ ನೀವು ಪ್ರಜಾಪ್ರಭುತ್ವ ಕಲಿಸಲು ಆಗದು, ಅದನ್ನು ಅವರಿಂದ ನೀವೇ ಕಲಿಯಬೇಕು ಅಂದರು. ಈ ಸಭೆಯಲ್ಲಿ ಗಂಡಸರೇ ಜಾಸ್ತಿ ಇದ್ದಾರೆ, ಹೆಂಗಸರು ಇನ್ನೂ ಬೇಕು ಅಂತಲೂ ಅಂದರು. ಎಷ್ಟು ಜನಕ್ಕೆ ಆ ಹೊತ್ತಿನಲ್ಲಿ ಅದು ಹೊಳೆಯಿತು ಹೇಳು?

ಎರಡು ವರ್ಷ ಕಳೆದ ಮೇಲೆ ಪಾನನಿಷೇಧದ ಮಾತು ಬಂದಾಗಲೂ ಎದ್ದು ವಿರೋಧಿಸಿದರು. ಅಕ್ಕಿಯಿಂದ ಮಾಡುವ ಹಂಡಿಯಾ ನಮ್ಮ ಪೂಜೆಗೆ ಬೇಕು, ಮಳೆಯಲ್ಲಿ ನಿಂತು ನಾಟಿ ಮಾಡುವವರಿಗೆ ಬೇಕು, ನಮ್ಮನ್ನು ಕೇಳದೆ ಇದನ್ನು ಹೇಗೆ ಬರೆಯುತ್ತೀರಿ ಅನ್ನುವುದು ಅವರ ವಾದ. ಅದು ಜನಪ್ರಿಯ ಮಾತಲ್ಲ. ಗೌರವ ಕಳೆದುಕೊಳ್ಳುವ ಭಯ ಇದ್ದವರು ಅದನ್ನು ಆಡುತ್ತಿರಲಿಲ್ಲ. ಹಳ್ಳಿಯ ಮನೆಯೊಳಗೆ ಏನಿದೆ ಅಂತ ಗೊತ್ತಿದ್ದವರು ಮಾತ್ರ ಆಡಬಲ್ಲ ಮಾತು ಅದು.

ಅವರ ಕತೆಯಲ್ಲಿ ನೋವಿನ ಭಾಗವೂ ಇದೆ. ಮುಚ್ಚಿಟ್ಟು ಹೇಳಿದರೆ ನಿನಗೆ ಮೋಸ ಮಾಡಿದ ಹಾಗೆ. 1952ರ ಚುನಾವಣೆಯಲ್ಲಿ ಅವರ ಜಾರ್ಖಂಡ್ ಪಾರ್ಟಿ ಬಿಹಾರ ವಿಧಾನಸಭೆಯಲ್ಲಿ 32 ಸ್ಥಾನ ಗೆದ್ದು ಮುಖ್ಯ ವಿರೋಧ ಪಕ್ಷವಾಯಿತು. ಗುರುತು ಹುಂಜ. ಆದರೆ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಪ್ರತ್ಯೇಕ ರಾಜ್ಯದ ಬೇಡಿಕೆಯನ್ನು ಒಪ್ಪಲಿಲ್ಲ. 1962ಕ್ಕೆ ಸ್ಥಾನಗಳು 20ಕ್ಕೆ ಇಳಿದವು. 1963ರಲ್ಲಿ ಪಾರ್ಟಿಯನ್ನೇ ಕಾಂಗ್ರೆಸ್ಸಿನಲ್ಲಿ ಸೇರಿಸಿಬಿಟ್ಟರು. ಒಳಗೆ ಹೋದರೆ ಏನಾದರೂ ಸಿಕ್ಕೀತು ಅಂದುಕೊಂಡರೇನೋ. ಸಿಗಲಿಲ್ಲ. ನನ್ನ ಪ್ರಕಾರ ಅದು ಅವರ ಜೀವನದ ದೊಡ್ಡ ತಪ್ಪು. ನಂಬಿ ಹುಂಜಕ್ಕೆ ಓಟು ಹಾಕಿದವರು ಒಂದೇ ದಿನದಲ್ಲಿ ಒಂಟಿಯಾದರು. 1970ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಜಾರ್ಖಂಡ್ ರಾಜ್ಯ ಆಗಿದ್ದು 2000ದ ನವೆಂಬರ್ 15ರಂದು, ಬಿರ್ಸಾ ಮುಂಡಾ ಹುಟ್ಟಿದ ದಿನ. ಅವರು ಹೋಗಿ ಮೂವತ್ತು ವರ್ಷ ಆಗಿತ್ತು.

ಇನ್ನೊಬ್ಬರು ಬಿ. ಡಿ. ಶರ್ಮಾ. ಇವರು ಆದಿವಾಸಿ ಅಲ್ಲ. ಹುಟ್ಟಿದ್ದು 1931ರಲ್ಲಿ, ಉತ್ತರ ಪ್ರದೇಶದವರು, ಗಣಿತದಲ್ಲಿ ಪಿಎಚ್‌ಡಿ. ಐಎಎಸ್ ಸೇರಿ ಮಧ್ಯಪ್ರದೇಶಕ್ಕೆ ಬಂದರು. 1960ರ ದಶಕದ ಕೊನೆಗೆ, ಈಗ ಛತ್ತೀಸ್‌ಗಢಕ್ಕೆ ಸೇರಿರುವ ಬಸ್ತರಿನ ಕಲೆಕ್ಟರ್. ಅಲ್ಲಿ ಬೈಲಾಡಿಲಾದ ಕಬ್ಬಿಣದ ಗಣಿಗೆ ಹೊರಗಿನಿಂದ ಬಂದ ಗಂಡಸರಲ್ಲಿ ಎಷ್ಟೋ ಜನ ಆದಿವಾಸಿ ಹುಡುಗಿಯರ ಜೊತೆ ಸಂಸಾರ ಮಾಡಿ ಕೈಬಿಡುತ್ತಿದ್ದರು. ಶರ್ಮಾ ಆ ಹುಡುಗಿಯರ ಪಟ್ಟಿ ಮಾಡಿಸಿದರು. ಗಂಡಸರನ್ನು ಹಿಡಿದು ಕೂರಿಸಿ ಮದುವೆ ಮಾಡಿಸಿದರು. ಮದುವೆಯೇ ಪರಿಹಾರವಾ ಅಂದರೆ ನನಗೆ ಇನ್ನೂ ಒಪ್ಪಿಗೆ ಇಲ್ಲ. ಆದರೆ ಆ ಪಟ್ಟಿ ಆಗುವ ತನಕ ಸರ್ಕಾರದ ಲೆಕ್ಕದಲ್ಲಿ ಆ ಹುಡುಗಿಯರು ಇರಲೇ ಇಲ್ಲ. ಅದು ದೊಡ್ಡ ಮಾತು.

ಆಮೇಲೆ ದೆಹಲಿಯ ಗೃಹ ಇಲಾಖೆಯಲ್ಲಿ ಕೂತು, ಐದನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಗಿರಿಜನ ಉಪಯೋಜನೆ ರೂಪಿಸಿದವರಲ್ಲಿ ಅವರು ಮುಖ್ಯರು. ಆದಿವಾಸಿಗಳಿಗೆ ಅಂತ ದುಡ್ಡನ್ನು ಬಜೆಟ್ಟಿನಲ್ಲೇ ಬೇರೆ ಎತ್ತಿಡಬೇಕು ಅನ್ನುವ ಏರ್ಪಾಡು ಅದು. ನಿಮ್ಮಲ್ಲಿ ಐಟಿಡಿಪಿ, ಐಟಿಡಿಪಿ ಅನ್ನುತ್ತಿರುತ್ತೀರಲ್ಲ, ಆ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ ಹುಟ್ಟಿದ್ದು ಆಗಲೇ. ನೀನು ದಿನಾ ಮುಟ್ಟುವ ಫೈಲಿನ ಬೇರು ಅವರ ಮೇಜಿನಲ್ಲೂ ಇದೆ ಅಂತ ತಿಳಿದಾಗ ನನಗೆ ಮೈ ಜುಮ್ಮೆಂದಿತು.

1981ರಲ್ಲಿ ಬಸ್ತರಿನ ವಿಷಯದಲ್ಲಿ ಸರ್ಕಾರದ ನೀತಿ ಒಪ್ಪದೆ ಐಎಎಸ್ ಬಿಟ್ಟರು. ಶಿಲ್ಲಾಂಗಿನ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕುಲಪತಿಯಾಗಿದ್ದರು. 1986ರಿಂದ 1991ರವರೆಗೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯುಕ್ತರು. ಆ ಹುದ್ದೆಯಲ್ಲಿ ಕೂತ ಕೊನೆಯ ಮನುಷ್ಯ ಅವರೇ, ಆಮೇಲೆ ಅದರ ಜಾಗಕ್ಕೆ ರಾಷ್ಟ್ರೀಯ ಆಯೋಗ ಬಂತು. ಅಂದರೆ ಬಿಟ್ಟು ಹೊರಗೆ ಬಂದವರು ಮತ್ತೆ ಒಳಗೆ ಹೋದರು, ತಮ್ಮ ಷರತ್ತಿನ ಮೇಲೆ. ಅವಧಿ ಮುಗಿದ ಮೇಲೆ ಮತ್ತೆ ಬಸ್ತರಿನ ಹಳ್ಳಿಗಳಿಗೆ ಬಂದರು. "ಮಾವಾ ನಾಟೆ ಮಾವಾ ರಾಜ್", ನಮ್ಮ ಊರಲ್ಲಿ ನಮ್ಮ ಆಡಳಿತ, ಅನ್ನುವುದು ಆಗಿನ ಘೋಷಣೆ. 1992ರಲ್ಲಿ ಒಂದು ಉಕ್ಕಿನ ಕಾರ್ಖಾನೆಗೆ ಹಳ್ಳಿಯವರು ಒಪ್ಪದೆ ನಿಂತಾಗ ಇವರೂ ಜೊತೆಗೆ ನಿಂತರು. ಜಗದಲ್‌ಪುರದಲ್ಲಿ ಒಂದು ಗುಂಪು ಅವರ ಬಟ್ಟೆ ಹರಿದು, ಕೊರಳಿಗೆ ಚಪ್ಪಲಿ ಹಾರ ಹಾಕಿ ಬೀದಿಯಲ್ಲಿ ನಡೆಸಿತು. ಅದೇ ಊರಿನಲ್ಲಿ ಒಂದು ಕಾಲಕ್ಕೆ ಕಲೆಕ್ಟರ್ ಆಗಿದ್ದವರು! ಅರವತ್ತು ದಾಟಿದ ವಯಸ್ಸು. ಅದಾದ ಮೇಲೂ ಅವರು ಬಸ್ತರಿನ ಕೈ ಬಿಡಲಿಲ್ಲ.

ಬುಡಕಟ್ಟು ಪ್ರದೇಶದ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯ ಹಿಂದೆಯೂ ಅವರ ದುಡಿಮೆ ಇದೆ. 2012ರಲ್ಲಿ ಸುಕ್ಮಾದ ಕಲೆಕ್ಟರನ್ನು ಮಾವೋವಾದಿಗಳು ಒತ್ತೆ ಇಟ್ಟುಕೊಂಡಾಗ ಮಾತುಕತೆಗೆ ಹೋದವರಲ್ಲಿ ಎಂಬತ್ತರ ಈ ಮುದುಕರೂ ಒಬ್ಬರು. 2015ರ ಡಿಸೆಂಬರಿನಲ್ಲಿ ಗ್ವಾಲಿಯರಿನಲ್ಲಿ ತೀರಿಕೊಂಡರು.

ಇಬ್ಬರೂ ಕುರ್ಚಿ ಬಿಟ್ಟವರು. ಹಾಗಾದರೆ ನಾನೂ ಬಿಡಬಹುದು ಅಂತ ನೀನು ಅಂದೀಯ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಶರ್ಮಾ ಬಿಡುವ ಹೊತ್ತಿಗೆ ಸರ್ಕಾರದ ಕಾಗದ ಅನ್ನುವುದು ಅವರಿಗೆ ಅಂಗೈಯ ಗೆರೆಯಷ್ಟು ಗೊತ್ತಿತ್ತು. ಯಾವ ಸಾಲು ಯಾವ ಮೇಜಿನಲ್ಲಿ ಸಾಯುತ್ತದೆ, ಯಾವ ನಿಯಮ ಯಾರ ಬಾಯಿ ಮುಚ್ಚಿಸುತ್ತದೆ, ಎಲ್ಲ. ಆದಿವಾಸಿಯನ್ನು ನೂರೈವತ್ತು ವರ್ಷದಿಂದ ಸೋಲಿಸುತ್ತಾ ಬಂದಿರುವುದು ಬಂದೂಕಿಗಿಂತ ಜಾಸ್ತಿ ಕಾಗದವೇ ಅಲ್ವಾ? ಆ ಕಾಗದವನ್ನು ಓದಬಲ್ಲವರು ಅವರ ಕಡೆ ಕೂತಿರುವುದು ಅಪರೂಪ. ನೀನು ಈಗ ಅಲ್ಲಿ ಕೂತಿದ್ದೀಯ.

ಅದರಲ್ಲೂ ನಮ್ಮ ಕರ್ನಾಟಕದಲ್ಲಿ. ಬುಡಕಟ್ಟು ಪ್ರದೇಶ ಅಂತ ಸಂವಿಧಾನದ ಐದನೇ ಷೆಡ್ಯೂಲಿನಡಿ ಗುರುತಿಸಿದ ಜಾಗ ನಮ್ಮಲ್ಲಿ ಒಂದಿಂಚೂ ಇಲ್ಲ. ಹಾಗಾಗಿ ಶರ್ಮಾ ಹೋರಾಡಿದ ಪೆಸಾ ನಿನ್ನ ಹಾಡಿಗಳಿಗೆ ಬರುವುದೇ ಇಲ್ಲ. ಜೇನುಕುರುಬರಿಗೆ, ಬೆಟ್ಟಕುರುಬರಿಗೆ, ಯರವರಿಗೆ, ಸೋಲಿಗರಿಗೆ ಕೈಯಲ್ಲಿರುವ ದೊಡ್ಡ ಅಸ್ತ್ರ ಅಂದರೆ 2006ರ ಅರಣ್ಯ ಹಕ್ಕು ಕಾಯ್ದೆಯೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಅದನ್ನು ಹೇಗೆ ಬಳಸಿದರು ನೆನಪಿದೆಯಾ? ಹಿರಿಯರು ಕಾಡಿನೊಳಗೆ ನಡೆದು ತಮ್ಮ ಪವಿತ್ರ ಜಾಗಗಳು, ಅಂದರೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಎಲ್ಲೆಲ್ಲಿ ಇವೆ ಅಂತ ತೋರಿಸಿದರು. ಅವುಗಳ ನಕ್ಷೆ ಆಯಿತು. ಬಾಯಲ್ಲಿದ್ದದ್ದು ಕಾಗದಕ್ಕೆ ಬಂತು. ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾದ ಕಾಡಿನಲ್ಲೇ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು.

ಈಗ ನಿನ್ನ ಅಜ್ಜನ ವಿಷಯ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಬೇಜಾರಿನಲ್ಲಿ ಮರೆತಿರಬಹುದು ಅಂತ. ಆ ಕಾಯ್ದೆಯ ನಿಯಮಗಳಲ್ಲಿ ಸಾಕ್ಷ್ಯದ ಪಟ್ಟಿ ಇದೆ, 13ನೇ ನಿಯಮ. ಅದರಲ್ಲಿ ಬಾವಿ, ದೇವರ ಜಾಗದ ಜೊತೆಗೆ ಮಣ್ಣು ಮಾಡಿದ ಜಾಗವೂ ಇದೆ. ಅರ್ಜಿದಾರರಲ್ಲದ ಬೇರೆ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಒಂದಕ್ಕಿಂತ ಜಾಸ್ತಿ ಸಾಕ್ಷ್ಯ ಬೇಕು, ಸರಿ. ತಾತನ ಗೋರಿ ಒಂದು, ಪಕ್ಕದ ಹಾಡಿಯ ಹಿರಿಯರ ಮಾತು ಇನ್ನೊಂದು. ಆ ಅಜ್ಜ ಕೇಳಿದ ಪ್ರಶ್ನೆಗೆ ಕಾನೂನು ಆಗಲೇ ಉತ್ತರ ಕೊಟ್ಟಿದೆ ಕಣೋ, "ನಿನ್ನ ತಾತನ ಗೋರಿಯೇ ದಾಖಲೆ" ಅಂತ. ತಿರಸ್ಕಾರ ಮಾಡುವಾಗ ಕಾರಣವನ್ನು ವಿವರವಾಗಿ ಬರೆದು ಕೊಡಬೇಕು, ಒಂದು ಸಾಲು ಗೀಚಿದರೆ ಆಗದು ಅಂತಲೂ ಇದೆ. ಇದನ್ನು ಆ ಮೇಜಿನ ಮುಂದೆ ನಿಂತು ಹೇಳುವವರು ಯಾರು, ನೀನು ಎದ್ದುಬಿಟ್ಟರೆ?

ಜೀವನಪೂರ್ತಿ ಅಲ್ಲೇ ಇರು ಅನ್ನುತ್ತಿಲ್ಲ. ಜೈಪಾಲ್ ಹಾಗೆ, ಶರ್ಮಾ ಹಾಗೆ, ಒಂದು ದಿನ ನೀನೂ ಎದ್ದು ಹೋಗಬೇಕಾದೀತು. ಆಗ ನಾನೇ ಬಸ್ ಹತ್ತಿಸುತ್ತೇನೆ. ಆದರೆ ನಿನ್ನ ಕೈಯಲ್ಲಿರುವ ಮೂರು ಹಾಡಿಯ ಅರ್ಜಿಗಳನ್ನು ನಡುನೀರಿನಲ್ಲಿ ಬಿಟ್ಟು ಅಲ್ಲ.

ಅರ್ಜಿ ವಾಪಸ್ ಬಂದ ಸುದ್ದಿ ಕೈಗೆ ಸಿಕ್ಕಿ ಹದಿನೈದು ದಿನ ಅಂದೆ. ಮೇಲ್ಮನವಿಗೆ 60 ದಿನ. ಅಂದರೆ ಇನ್ನೂ 45 ದಿನ ಇದೆ. ಮುಂದಿನ ತಿಂಗಳ ಎರಡನೇ ಶನಿವಾರಕ್ಕೆ ಎರಡು ದಿನ ರಜೆ ಸೇರಿಸಿ ಊರಿಗೆ ಬರುತ್ತೇನೆ. ನನ್ನನ್ನು ಹಾಡಿಗೆ ಕರೆದುಕೊಂಡು ಹೋಗು. ನೀನು ಹಿರಿಯರನ್ನು ಮಾತಾಡಿಸು, ಅವರು ಹೇಳಿದ್ದನ್ನು ಹೇಳಿದ ಹಾಗೇ ನಾನು ಬರೆದುಕೊಳ್ಳುತ್ತೇನೆ. ಹೆಂಗಸರನ್ನೂ ಕೂರಿಸು, ಗೋರಿಗೆ ಎಡೆ ಇಡುವವರು ಅವರೇ ಅಂದಿದ್ದೆಯಲ್ಲ. ಅಷ್ಟರ ತನಕ ಆ ರಾಜೀನಾಮೆಗೆ ತಾರೀಕು ಹಾಕಬೇಡ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ