ಗೇಮ್ ಡಿಸೈನ್ ಪಠ್ಯಕ್ರಮ: ಮೊದಲ ಸೆಮಿಸ್ಟರಿಗೆ ಕಂಪ್ಯೂಟರ್ ಬೇಡ

ಮಾನ್ಯ ಸಂಪಾದಕರೇ,

ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ದೇಶದಲ್ಲೇ ಮೊದಲು ನೀತಿಯೊಂದನ್ನು ತಂದ ರಾಜ್ಯ ನಮ್ಮದು. 2024ರಲ್ಲಿ ಅದರ ಪರಿಷ್ಕೃತ ರೂಪವೂ ಬಂದಿದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲಿ ಸ್ನಾತಕೋತ್ತರ ಪದವಿಯೂ ಇದೆ. ಆದರೆ ಅಲ್ಲಿಯವರೆಗೆ ಹೋಗಬಲ್ಲವರು ಕೆಲವರೇ ಆದ್ದರಿಂದ, ಜಿಲ್ಲೆ ತಾಲ್ಲೂಕುಗಳ ಪದವಿ ಕಾಲೇಜಿನ ಮಕ್ಕಳಿಗೆ ಈ ವಿದ್ಯೆ ಸಿಗಬೇಕಾದರೆ ನಮ್ಮ ವಿಶ್ವವಿದ್ಯಾಲಯಗಳೇ ಅದಕ್ಕೆ ಪಠ್ಯಕ್ರಮ ರೂಪಿಸಬೇಕು.

ಈಚೆಗೆ ಅಂಥದೊಂದು ಕರಡು ನನ್ನ ಕೈಗೆ ಬಂತು. ಆರು ಸೆಮಿಸ್ಟರುಗಳಲ್ಲಿ ನಾಲ್ಕು ಸಾಫ್ಟ್‌ವೇರ್ ಬಳಕೆಗೇ ಮೀಸಲು. ಪ್ರತಿ ಪತ್ರಿಕೆಗೂ ಮೂರು ಗಂಟೆಯ ಲಿಖಿತ ಪರೀಕ್ಷೆ. ಆಟವೊಂದನ್ನು ಪೂರ್ತಿಯಾಗಿ ರಚಿಸಿ, ಅಪರಿಚಿತರ ಕೈಯಲ್ಲಿ ಆಡಿಸಿ, ತಪ್ಪು ಕಂಡಲ್ಲಿ ತಿದ್ದುವ ಕೆಲಸಕ್ಕೆ ಕೊನೆಯ ಸೆಮಿಸ್ಟರಿನಲ್ಲಿ ಮಾತ್ರ ಜಾಗವಿತ್ತು. ಗಣಕವಿಜ್ಞಾನ ಕಲಿಸುವವಳಾದ ನನಗೇ ಅದನ್ನು ಓದಿ ಸಂಕಟವಾಯಿತು. ಇಂದು ಕಲಿಸಿದ ಸಾಫ್ಟ್‌ವೇರ್ ವಿದ್ಯಾರ್ಥಿ ಪದವಿ ಮುಗಿಸುವ ಹೊತ್ತಿಗೆ ಬದಲಾಗಿರುತ್ತದೆ. ನಿಯಮವೊಂದನ್ನು ಬದಲಿಸಿದರೆ ಆಡುವವರ ಮನಸ್ಸಿನಲ್ಲಿ ಏನಾಗುತ್ತದೆ ಎಂಬ ತಿಳಿವಳಿಕೆ ಹಳತಾಗುವುದಿಲ್ಲ.

ಆ ತಿಳಿವಳಿಕೆಗೆ ಕಂಪ್ಯೂಟರ್ ಬೇಕಿಲ್ಲ. ಕಳೆದ ವರ್ಷ ನನ್ನ ತರಗತಿಯಲ್ಲಿ ರಟ್ಟಿನ ಮೇಲೆ ಐದು ಮನೆಗೆ ಐದು ಮನೆಯ ಚೌಕಾಬಾರ ಬರೆಸಿ, ಒಂದೊಂದು ಗುಂಪೂ ಒಂದೇ ಒಂದು ನಿಯಮ ಬದಲಿಸಬೇಕೆಂದು ಹೇಳಿದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವನ್ನು ಒಂದು ಗುಂಪು ತೆಗೆದುಹಾಕಿತು. ಆಟ ಬೇಗ ಮುಗಿಯಿತು, ಆದರೆ ಯಾರೂ ಇನ್ನೊಂದು ಸಲ ಆಡೋಣವೆನ್ನಲಿಲ್ಲ. ಹೊಡೆಯಲೇಬೇಕೆಂಬ ಒತ್ತಾಯವಿದ್ದುದರಿಂದಲೇ ಕಾಯನ್ನು ಯಾರೂ ಹೊಡೆಯಲಾಗದ ಕಟ್ಟೆಯ ಮನೆಗೆ ಬೆಲೆ ಬಂದಿತ್ತೆಂದು ಮಕ್ಕಳೇ ಕಂಡುಕೊಂಡರು. ಇನ್ನೊಂದು ಗುಂಪು ಗಣಿತಕ್ಕೆ ಇಳಿಯಿತು. ನಾಲ್ಕು ಕವಡೆಗಳೂ ನಾಣ್ಯದಂತೆ ಸಮವಾಗಿ ಬಿದ್ದರೆ ಎರಡು ಬೀಳುವ ಸಾಧ್ಯತೆ ಹದಿನಾರರಲ್ಲಿ ಆರು, ನಾಲ್ಕೂ ಅಂಗಾತ ಬೀಳುವ ಚೌಕ ಮತ್ತು ನಾಲ್ಕೂ ಬೋರಲು ಬೀಳುವ ಬಾರದ ಸಾಧ್ಯತೆ ಹದಿನಾರರಲ್ಲಿ ತಲಾ ಒಂದು. ಆದರೆ ಕವಡೆಗಳನ್ನು ನಿಜಕ್ಕೂ ನೂರು ಸಲ ಎಸೆದು ಬರೆದುಕೊಂಡಾಗ ಲೆಕ್ಕ ಬೇರೆಯೇ ಬಂತು, ಏಕೆಂದರೆ ಕವಡೆಯ ಬೆನ್ನಿನ ಆಕಾರ ಹೊಟ್ಟೆಯ ಆಕಾರದಂತಿಲ್ಲ. ಸಂಭವನೀಯತೆಯ ಪಾಠವನ್ನು ಅಷ್ಟು ಆಸಕ್ತಿಯಿಂದ ಆ ಮಕ್ಕಳು ಕೇಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಳಗುಳಿಮಣೆ, ಪಗಡೆ, ಆಡು ಹುಲಿ ಆಟ, ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ರಚಿಸಿದ ಮಣೆಯಾಟಗಳು, ಮೈಸೂರಿನ ಗಂಜೀಫಾ ಎಂಬ ಚಿತ್ರ ಬರೆದ ಆಟದ ಎಲೆಗಳು, ಇಷ್ಟೆಲ್ಲ ಮನೆಯಲ್ಲೇ ಇರುವಾಗ ಮೊದಲ ಸೆಮಿಸ್ಟರನ್ನು ಪೂರ್ತಿಯಾಗಿ ರಟ್ಟು, ಕಾಯಿ, ಕವಡೆಗಳಲ್ಲೇ ನಡೆಸಬಹುದು.

ಕನ್ನಡದ ಮಾತನ್ನೂ ಇಲ್ಲಿ ಹೇಳಲೇಬೇಕು. ವಿದ್ಯಾರ್ಥಿನಿಯೊಬ್ಬಳು ಮಾಡಿದ ಆಟದ ಪರದೆಯಲ್ಲಿ ‘ಅಮ್ಮ’ ಎಂಬ ಪದ ‘ಅಮ್‌ಮ’ ಎಂದು ಒಡೆದು ನಿಂತಿತ್ತು. ಅವಳು ಟೈಪ್ ಮಾಡಿದ್ದು ಸರಿಯಾಗಿಯೇ ಇತ್ತು. ಒತ್ತಕ್ಷರವನ್ನು ಜೋಡಿಸುವ ವ್ಯವಸ್ಥೆ ಅವಳು ಆಟ ಕಟ್ಟಲು ಬಳಸಿದ ತಂತ್ರಾಂಶದಲ್ಲಿ, ಅಂದರೆ ಗೇಮ್ ಎಂಜಿನ್ನಿನಲ್ಲಿ, ಇರಲಿಲ್ಲ. 2023ರಲ್ಲಿ ಬಂದ ಗೊಡೊ 4 ಎಂಬ ಮುಕ್ತ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಈ ಜೋಡಣೆ ಇದೆ, ಅದಕ್ಕೆ ಪರವಾನಗಿ ಶುಲ್ಕವೂ ಇಲ್ಲ. ಬಡ ಕಾಲೇಜುಗಳಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ಕನ್ನಡ ಪಠ್ಯವನ್ನು ಪರದೆಯ ಮೇಲೆ ತಪ್ಪಿಲ್ಲದೆ ಮೂಡಿಸುವುದು ಪಠ್ಯಕ್ರಮದಲ್ಲಿ ಒಂದು ಕಡ್ಡಾಯ ಅಭ್ಯಾಸವಾಗಲಿ.

ಮಗಳಿಗೆ ಜೂಜು ಕಲಿಸುತ್ತೀರಾ ಎಂದು ಪೋಷಕರೊಬ್ಬರು ನನ್ನನ್ನು ಕೇಳಿದ್ದುಂಟು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದ ಹಿನ್ನೆಲೆಯಲ್ಲಿ ಅವರ ಆತಂಕ ಅಸಹಜವಲ್ಲ. ಆಡುವವರನ್ನು ಬಿಡದಂತೆ ಹಿಡಿದಿಡುವ ತಂತ್ರಗಳು ಹೇಗೆ ಕೆಲಸ ಮಾಡುತ್ತವೆ, ಅವನ್ನು ಎಲ್ಲಿ ಬಳಸಬಾರದು ಎಂಬುದನ್ನು ಮನಃಶಾಸ್ತ್ರದ ಅಧ್ಯಾಪಕರಿಂದಲೇ ಹೇಳಿಸಬೇಕು.

ಇನ್ನು ಕಲಿಸುವವರ ಪ್ರಶ್ನೆ. ಉದ್ಯಮದಲ್ಲಿ ಕನಿಷ್ಠ 15 ವರ್ಷ ದುಡಿದವರನ್ನು ಪಿಎಚ್.ಡಿ. ಇಲ್ಲದೆಯೂ ನೇಮಿಸಿಕೊಳ್ಳಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯಲ್ಲೇ ಅವಕಾಶ ಕೊಟ್ಟಿದೆ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ಅಂಥ ಅನುಭವಿಗಳಿದ್ದಾರೆ. ಪಠ್ಯಕ್ರಮ ರೂಪಿಸುವ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳು ಅವರಲ್ಲಿ ಒಬ್ಬರನ್ನಾದರೂ ಸದಸ್ಯರನ್ನಾಗಿ ಮಾಡಿಕೊಂಡು, ಲಿಖಿತ ಪರೀಕ್ಷೆಯ ಅಂಕಗಳಲ್ಲಿ ಅರ್ಧವನ್ನಾದರೂ ವಿದ್ಯಾರ್ಥಿಗಳು ಆಡಿಸಿ ತಿದ್ದಿದ ಆಟಗಳಿಗೆ ವರ್ಗಾಯಿಸಿದ ಮೇಲೆಯೇ ಪಠ್ಯಕ್ರಮಕ್ಕೆ ಒಪ್ಪಿಗೆ ಕೊಡಬೇಕೆಂದು ಕೋರುತ್ತೇನೆ.

ಇತಿ,
ಪದವಿ ಕಾಲೇಜಿನ ಉಪನ್ಯಾಸಕಿ, ಹಾಸನ