ಹೊಲಿಯುವವರಿಗೆ ಎಂಥ ಕುರ್ಚಿ ಬೇಕು?

ಮಾನ್ಯ ಸಂಪಾದಕರೇ,

ಮನೆಯೊಳಗೊಂದು ಹೊಲಿಗೆ ಕೋಣೆ ಮಾಡಿಕೊಳ್ಳುವ ಬಗ್ಗೆ ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ದಾರದ ರೀಲುಗಳನ್ನು ಗೋಡೆಗೆ ಜೋಡಿಸುವ ಬಗೆ, ಬಟ್ಟೆ ಮಡಚಿಡುವ ಕಪಾಟು, ದೀಪ ಯಾವ ಕಡೆ ಇರಬೇಕು, ಎಲ್ಲವೂ ಇತ್ತು. ಕುರ್ಚಿಯ ಪಾಲಿಗೆ ಸಿಕ್ಕಿದ್ದು ಒಂದೇ ಸಾಲು, 'ಆರಾಮವಾದ ಕುರ್ಚಿಯೊಂದಿರಲಿ' ಅಂತ. ಪಕ್ಕದ ಚಿತ್ರದಲ್ಲಿ ಎರಡೂ ಕಡೆ ಕೈಯಿದ್ದು ಹಿಂದಕ್ಕೆ ವಾಲಿದ ಮಖಮಲ್ಲಿನ ಕುರ್ಚಿ. ಅದರಲ್ಲಿ ಕುಳಿತು ಪತ್ರಿಕೆ ಓದಬಹುದೇ ಹೊರತು ಒಂದು ಪರದೆಯ ಅಂಚು ಮಡಿಚಿ ಹೊಲಿಯಲಾಗದು. ಮನೆಯಲ್ಲೇ ಹೊಲಿದು ಸಂಪಾದಿಸುವವಳು ನಾನು. ದಿನದ ಹೆಚ್ಚಿನ ಹೊತ್ತು ಕುರ್ಚಿಯ ಮೇಲೇ ಕಳೆಯುವುದರಿಂದ ಆ ಒಂದು ಸಾಲನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸಿತು.

ಹೊಲಿಯುವವರು ಕುರ್ಚಿಗೆ ಒರಗುವುದೇ ಕಡಿಮೆ. ಕಣ್ಣು ಸೂಜಿಯ ಮೇಲೆ, ಎರಡೂ ಕೈ ಬಟ್ಟೆಯ ಮೇಲೆ, ಕಾಲು ಪೆಡಲಿನ ಮೇಲೆ. ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ. ಅಂಗಡಿಗೆ ಹೋದಾಗ ಮಾತ್ರ ಎಲ್ಲರೂ ಹಿಂದಕ್ಕೊರಗಿ, ಕಾಲು ಚಾಚಿ 'ಚೆನ್ನಾಗಿದೆ' ಅನ್ನುತ್ತಾರೆ. ಅಲ್ಲಿ ಯಾರು ನಕ್ಕರೂ ಸರಿ, ಹೊಲಿಯುವವರ ಹಾಗೆ ಮುಂದಕ್ಕೆ ಬಾಗಿ, ಕೈ ಎತ್ತಿ ಹಿಡಿದು ಕುಳಿತು ನೋಡಬೇಕು. ಸೀಟು ಹಿಂದಕ್ಕೆ ಇಳಿಜಾರಾಗಿದ್ದರೆ ಸೊಂಟ ಹಿಂದೆ ಜಾರಿ ಬೆನ್ನು ಗೂನಾಗುವುದು ಕೂಡಲೇ ಗೊತ್ತಾಗುತ್ತದೆ. ಮನೆಮನೆಯಲ್ಲಿರುವ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹೆಚ್ಚಿನವು ಇದೇ ಜಾತಿ. ಹೊಲಿಗೆಗೆ ಸಮತಟ್ಟಾದ ಸೀಟು ಬೇಕು, ಮುಂದಕ್ಕೆ ಒಂದಿಷ್ಟು ವಾಲಿಸಿಕೊಳ್ಳುವಂತಿದ್ದರೆ ಇನ್ನೂ ಒಳ್ಳೆಯದು. ಬೆನ್ನಿನ ಆಸರೆ ಸೊಂಟದ ಮಟ್ಟದಲ್ಲಿ ಸಿಕ್ಕರೆ ಸಾಕು, ತಲೆಯವರೆಗೆ ಏರಿದ ಬೆನ್ನು ಬರೀ ಶೋಕಿ.

ಎತ್ತರವನ್ನು ಮಷೀನಿನಿಂದ ಲೆಕ್ಕ ಹಾಕಬೇಕು. ಭುಜ ಇಳಿಬಿಟ್ಟು ಕುಳಿತು ಕೈ ಮಡಿಸಿದಾಗ ಮೊಣಕೈ ಸೂಜಿಯ ಕೆಳಗಿನ ತಟ್ಟೆಯ ಮಟ್ಟಕ್ಕೆ ಬರಬೇಕು. ಒಂದೆರಡು ಇಂಚು ಕೆಳಗಿದ್ದರೂ ನಡೆದೀತು. ತೀರಾ ಮೇಲೆ ಕುಳಿತರೆ ಕತ್ತು ಬಗ್ಗುತ್ತದೆ, ತೀರಾ ಕೆಳಗೆ ಕುಳಿತರೆ ಭುಜ ಕಿವಿಯತ್ತ ಏರುತ್ತದೆ. ಈಗ ಟೇಪು ಹಿಡಿದು ನೋಡಿ. ಊಟದ ಮೇಜು, ಓದುವ ಮೇಜುಗಳು ಸಾಮಾನ್ಯವಾಗಿ 28ರಿಂದ 30 ಇಂಚು ಎತ್ತರ. ಅದರ ಮೇಲೆ ಕರೆಂಟಿನ ಮಷೀನು ಇಟ್ಟರೆ ಬಟ್ಟೆ ಓಡುವ ಜಾಗ ಮತ್ತೂ 3-4 ಇಂಚು ಮೇಲೇರುತ್ತದೆ. ಊಟದ ಕುರ್ಚಿಯ ಸೀಟು 17-18 ಇಂಚು. ಅದರಲ್ಲಿ ಕುಳಿತವರ ಮೊಣಕೈ ನೆಲದಿಂದ 27 ಇಂಚಿನ ಆಸುಪಾಸು. ಅಂದರೆ ಕೈ ಓಡಾಡಬೇಕಾದ್ದು ಮೊಣಕೈಗಿಂತ 4ರಿಂದ 7 ಇಂಚು ಮೇಲೆ. ಸಂಜೆಯಾದರೆ ಕತ್ತಿನ ಬುಡ ಸೆಟೆದುಕೊಳ್ಳುವುದು ಇದಕ್ಕೇ.

ದಿಂಬು ಹಾಕಿ ಎತ್ತರಿಸಿಕೊಂಡರೆ ಪಾದ ನೆಲ ಬಿಡುತ್ತದೆ, ತೊಡೆಯ ಅಡಿ ಒತ್ತಿ ಕಾಲು ಜೋಮು ಹಿಡಿಯುತ್ತದೆ, ಪೆಡಲಿನ ಮೇಲೆ ಹದ ತಪ್ಪಿ ಮಷೀನು ಒಮ್ಮೆಲೇ ಓಡುತ್ತದೆ. ಎಷ್ಟು ದುಡ್ಡು ಸುರಿದು ಕುರ್ಚಿ ತಂದರೂ ಇದು ಸರಿಹೋಗದು, ಯಾಕೆಂದರೆ ದೋಷ ಮೇಜಿನದು. ಮೇಜಿನ ಕಾಲು ಕೊಯ್ಯಿಸಬೇಕು, ಇಲ್ಲವೇ ಹಲಗೆ ಕತ್ತರಿಸಿ ಮಷೀನನ್ನು ಒಳಗೆ ಇಳಿಸಬೇಕು. ಬಾಡಿಗೆ ಮನೆ, ಎರವಲು ಮೇಜು ಅನ್ನುವವರು ಕುರ್ಚಿ ಏರಿಸಿ, ಕಾಲಡಿಗೆ ಅಗಲದ ಮಣೆ ಹಾಕಿ, ಪೆಡಲನ್ನೂ ಆ ಮಣೆಯ ಮೇಲೇ ಇಟ್ಟುಕೊಳ್ಳಲಿ. ಅಡಿಯಲ್ಲಿ ರಬ್ಬರು ಹಾಸಿದರೆ ಜಾರದು. ಕಾಲು ಮಷೀನಿನವರಿಗೆ ಈ ಪೀಕಲಾಟ ಕಡಿಮೆ. ಅಲ್ಲಿ ಮಷೀನು ಹಲಗೆಯೊಳಗೇ ಕೂತಿರುತ್ತದೆ, ತುಳಿಯುವ ಪಟ್ಟಿಯೂ ನೆಲದಿಂದ ಮೇಲಿರುತ್ತದೆ.

ಕುರ್ಚಿಯನ್ನು ಮಷೀನಿನ ನಡುಮಧ್ಯಕ್ಕೆ ಎಳೆದುಕೊಳ್ಳುವವರೂ ಬಹಳ. ಸೂಜಿ ಇರುವುದು ಎಡಗಡೆ. ಹೊಕ್ಕಳು ಸೂಜಿಯ ನೇರಕ್ಕೆ ಬಂದರೆ ದಿನವಿಡೀ ಎಡಕ್ಕೆ ತಿರುಚಿಕೊಂಡು ಕೂರುವುದು ತಪ್ಪುತ್ತದೆ.

ಕುರ್ಚಿಗೆ ಕೈ ಬೇಡ. ಮೇಜಿಗೆ ತಾಗಿ ಹತ್ತಿರ ಸರಿಯಲು ಬಿಡುವುದಿಲ್ಲ, ಉದ್ದನೆಯ ಬಟ್ಟೆಯನ್ನು ಸಿಕ್ಕಿಸಿ ಜಗ್ಗುತ್ತದೆ; ಬಟ್ಟೆ ಜಗ್ಗಿದರೆ ಸೂಜಿ ಬಾಗಿ ಮುರಿಯುವುದೂ ಉಂಟು. ಮಖಮಲ್ಲಂತೂ ಬೇಡವೇ ಬೇಡ. ದಾರದ ಎಳೆ, ಬಟ್ಟೆಯ ಜುಂಗು ಎಲ್ಲ ಅಂಟಿಕೊಳ್ಳುತ್ತವೆ, ಬಿದ್ದ ಗುಂಡುಪಿನ್ನು ಅದರೊಳಗೆ ಅಡಗಿ ಕುಳಿತವರಿಗೇ ಚುಚ್ಚುತ್ತದೆ. ತಿಳಿ ಬಣ್ಣದ, ಚಿತ್ತಾರವಿಲ್ಲದ ಹತ್ತಿ ಬಟ್ಟೆಯ ಮೇಲೆ ಪಿನ್ನು ಬಿದ್ದರೆ ಕಣ್ಣಿಗೆ ಬೀಳುತ್ತದೆ. ರೆಕ್ಸಿನ್ ಒರೆಸಲು ಸುಲಭ, ಸೆಕೆಯಲ್ಲಿ ಮಾತ್ರ ಬೆವರು. ಒಳಗಿನ ಫೋಮು ಗಟ್ಟಿಯಿರಲಿ. ಹೆಬ್ಬೆರಳಿನಿಂದ ಒತ್ತಿದಾಗ ಹಲಗೆ ಸಿಕ್ಕರೆ ಆ ಕುರ್ಚಿ ಬಿಟ್ಟುಬಿಡಿ.

ಇನ್ನು ಚಕ್ರ. ಕಾಲು ಮಷೀನಿಗೆ ಚಕ್ರದ ಕುರ್ಚಿ ಹಾಕಿಕೊಂಡರೆ ತುಳಿದಷ್ಟೂ ಹಿಂದಕ್ಕೆ ಹೋಗುತ್ತೀರಿ. ಕರೆಂಟಿನ ಮಷೀನಿನ ಪಕ್ಕದಲ್ಲಿ ಬಟ್ಟೆಯ ಅಂಚಿನ ಎಳೆ ಬಿಡದಂತೆ ಹೊಲಿಯುವ ಓವರ್‌ಲಾಕ್ ಮಷೀನು, ಇಸ್ತ್ರಿ ಮೇಜು ಇಟ್ಟುಕೊಂಡವರಿಗೆ ತಿರುಗುವ ಕುರ್ಚಿ ನಿಜಕ್ಕೂ ಅನುಕೂಲ. ತಳದಲ್ಲಿ ಐದು ಕಾಲಿರುವುದನ್ನೇ ನೋಡಿ ತನ್ನಿ, ಬಗ್ಗಿ ಕತ್ತರಿ ಎತ್ತಿಕೊಳ್ಳುವಾಗ ಮಗುಚುವ ಭಯ ಕಡಿಮೆ. ಆದರೆ ಹೊಲಿಗೆ ಕೋಣೆಯ ಚಕ್ರಕ್ಕೆ ಒಂದು ಕಾಯಿಲೆಯಿದೆ. ಕತ್ತರಿಸಿ ಬಿದ್ದ ದಾರವೆಲ್ಲ ಅದರ ಅಚ್ಚಿಗೆ ಸುತ್ತಿಕೊಳ್ಳುತ್ತಾ ಬಂದು, ಕೊನೆಗೆ ಬಳೆಯ ಹಾಗೆ ಗಟ್ಟಿಯಾಗಿ, ಚಕ್ರ ತಿರುಗದೆ ನೆಲ ಉಜ್ಜುತ್ತದೆ. ಕುರ್ಚಿಯನ್ನು ಬೋರಲು ಹಾಕಿ, ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಸಂದಿಗೆ ತೂರಿಸಿ ಕೊಯ್ದರೆ ಸುತ್ತು ಒಮ್ಮೆಲೇ ಬಿಚ್ಚಿ ಬರುತ್ತದೆ. ನನ್ನದರಿಂದ ಬಂದ ಸುತ್ತಿನಲ್ಲಿ ಹೊಲಿದ ಬಟ್ಟೆಗಳ ವರದಿಯೇ ಇರುತ್ತದೆ. ಹೊರಗೆ ಮೊನ್ನೆಯ ಪರದೆಗಳ ನೀಲಿ, ನಡುವೆ ಯಾರದೋ ಅಂಗಿಯ ಬಿಳಿ, ತೀರಾ ಒಳಗೆ ಶಾಲೆಯ ಸಮವಸ್ತ್ರದ ಬೂದು.

ಒಂದೇ ಮಷೀನಿನಲ್ಲಿ ಇಬ್ಬರು ಹೊಲಿಯುವ ಮನೆಗೆ ಎತ್ತರ ಬದಲಿಸುವ ಕುರ್ಚಿಯೇ ಬೇಕು. ಮಗಳು ನನಗಿಂತ ಎತ್ತರ, ಅವಳು ಕುಳಿತೆದ್ದ ಮೇಲೆ ನಾನು ಏರಿಸಿಕೊಳ್ಳದೆ ಕೂರುವುದಿಲ್ಲ. ಒಬ್ಬರೇ ಹೊಲಿಯುವುದಾದರೆ ಸರಿಯಾದ ಅಳತೆಯ ಗಟ್ಟಿ ಮರದ ಕುರ್ಚಿಯೂ ಆಗುತ್ತದೆ, ಅದರಲ್ಲಿ ಕೆಡುವಂಥದ್ದೇನೂ ಇಲ್ಲ.

ಕೊನೆಯದಾಗಿ ಒಂದು ಕೋರಿಕೆ. ಮೇಜಿನ ಹಲಗೆ ಕತ್ತರಿಸಿ ಮಷೀನು ಇಳಿಸುವುದು ಹೇಗೆ, ಕೆಳಗೆ ಆಧಾರಕ್ಕೆ ಏನು ಕೊಡಬೇಕು, ಅಡಿ ದಾರ ಸುತ್ತಿದ ಬಾಬಿನ್ ತೆಗೆಯಲು ಎಷ್ಟು ಜಾಗ ಬಿಡಬೇಕು ಎಂಬುದನ್ನು ಅನುಭವವಿರುವ ಬಡಗಿಯೊಬ್ಬರಿಂದ ಬರೆಸಿ, ಅಳತೆಯ ಚಿತ್ರದೊಂದಿಗೆ ಪ್ರಕಟಿಸಬೇಕು. ಹಳೆಯ ಮೇಜಿರುವ ಓದುಗರು ಆ ಬರಹವನ್ನು ಪತ್ರಿಕೆಯಿಂದ ಕತ್ತರಿಸಿಟ್ಟುಕೊಳ್ಳುತ್ತಾರೆ.

ಇತಿ,
ನಿಮ್ಮ ಓದುಗಳಾದ ಒಬ್ಬ ಹೊಲಿಗೆಗಾರ್ತಿ